ಸತು, ಜಸ್ತ, ತುತ್ತನಾಗ: ಒಂದು ಲೋಹದ ಹೆಸರುಗಳ ಚರಿತ್ರೆ

ಕನ್ನಡದಲ್ಲಿ ಸತು ಎನ್ನುವ ಲೋಹ ಸೊಲ್ಲಾಪುರ, ಅಕ್ಕಲಕೋಟೆಗಳ ಮರಾಠಿಯಲ್ಲಿ ಜಸ್ತ. ತಾಳವಾಡಿ, ಹೊಸೂರುಗಳ ತಮಿಳಿನಲ್ಲಿ ತುತ್ತನಾಗಂ. ಗಡಿಯಾಚೆಯ ಕನ್ನಡಿಗನ ಮಾತಿನಲ್ಲಿ ಇಂತಹ ಪದವೊಂದು ಬಂದೊಡನೆ ಅದನ್ನು ಕಲಬೆರಕೆಯೆಂದು ತಿದ್ದಹೊರಡುವವರಿದ್ದಾರೆ. ಹಾಗೆ ತಿದ್ದುವ ಮೊದಲು ಈ ಹೆಸರುಗಳು ನಡೆದುಬಂದ ದಾರಿಯನ್ನು ನೋಡುವುದು ಒಳ್ಳೆಯದು.

ಸತುವಿಗೆ ಹೆಸರಿಡುವುದು ಜಗತ್ತಿಗೆಲ್ಲ ಕಷ್ಟವಾಗಿತ್ತು. ಅದು 907 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಅದಿರನ್ನು ಇದ್ದಿಲಿನೊಡನೆ ಕಾಯಿಸಿ ಲೋಹವನ್ನು ಬಿಡಿಸಲು ಬೇಕಾಗುವ ಉಷ್ಣತೆ ಇದಕ್ಕಿಂತ ಹೆಚ್ಚು. ಆದುದರಿಂದ ಕುಲುಮೆಯಲ್ಲಿ ಲೋಹವು ಆವಿಯಾಗಿಯೇ ಹುಟ್ಟಿ, ಗಾಳಿ ಸೋಕಿದೊಡನೆ ಬಿಳಿಯ ಭಸ್ಮವಾಗುತ್ತದೆ. ತಾಮ್ರದೊಡನೆ ಅದಿರನ್ನೇ ಕಾಯಿಸಿ ಹಿತ್ತಾಳೆ ಮಾಡುತ್ತಿದ್ದ ಕಮ್ಮಾರರು ತಲೆಮಾರುಗಟ್ಟಲೆ ಅದರೊಳಗಿನ ಲೋಹವನ್ನು ಪ್ರತ್ಯೇಕವಾಗಿ ಕಂಡಿರಲಿಲ್ಲ. ಕಾಣದ ವಸ್ತುವಿಗೆ ಹೆಸರೆಲ್ಲಿಂದ ಬರಬೇಕು?

ಈ ಆವಿಯನ್ನು ಹಿಡಿದವರು ರಾಜಸ್ಥಾನದ ಉದಯಪುರದ ಸಮೀಪದ ಜಾವರದ ಕುಶಲಕರ್ಮಿಗಳು. ಬದನೆಕಾಯಿಯಾಕಾರದ ಮಣ್ಣಿನ ಮೂಸೆಗಳನ್ನು ಬಾಯಿ ಕೆಳಗಾಗಿ ನಿಲ್ಲಿಸಿ, ಮೇಲೆ ಬೆಂಕಿಯಿಟ್ಟು, ಕೆಳಗಿನ ತಂಪಾದ ಭಾಗದಲ್ಲಿ ಲೋಹವು ತೊಟ್ಟಿಕ್ಕುವಂತೆ ಮಾಡಿದರು. ರಸಶಾಸ್ತ್ರಗ್ರಂಥವಾದ ರಸರತ್ನಸಮುಚ್ಚಯದಲ್ಲಿಯೂ ವೃಂತಾಕಮೂಷೆಯ, ಎಂದರೆ ಬದನೆಯಾಕಾರದ ಮೂಸೆಯ, ವಿವರಣೆಯಿದೆ. 1980ರ ದಶಕದ ಉತ್ಖನನದಲ್ಲಿ ಜಾವರದ ಕುಲುಮೆಗಳು ಮೂಸೆಗಳ ಸಮೇತ ಹೊರಬಂದವು. ಬಳಸಿ ಬಿಟ್ಟ ಮೂಸೆಗಳನ್ನೇ ಅಲ್ಲಿನ ಜನ ಮನೆಯ ಗೋಡೆಗೆ ಇಟ್ಟಿಗೆಯಂತೆ ಸೇರಿಸಿದ್ದರು. ಅಷ್ಟು ಹೇರಳವಾಗಿ ನಡೆದ ಕೆಲಸವದು. ಸಂಸ್ಕೃತದ ಯಶದ, ಜಸದ, ಹಿಂದಿಯ ಜಸ್ತಾ, ಮರಾಠಿಯ ಜಸ್ತ ಇವೆಲ್ಲ ಒಂದೇ ಬಳಗದವು.

ತುತ್ತನಾಗದ ಕಥೆ ಕಡಲಿನದು. ತುತ್ಥವೆಂಬುದು ಲೋಹಗಳ ಲವಣಕ್ಕೆ ಸಂಸ್ಕೃತದಲ್ಲಿದ್ದ ಹೆಸರು. ಕಾಸರಗೋಡಿನ ಅಡಕೆ ತೋಟದವರು ಸುಣ್ಣದೊಡನೆ ಬೆರೆಸಿ ಸಿಂಪಡಿಸುವ ಮೈಲುತುತ್ತದಲ್ಲಿ ಅದು ಈಗಲೂ ಜೀವಂತವಾಗಿದೆ. ಅರಬಿಯ ತೂತಿಯಾ ಅದರ ಬಂಧು. ಅಲ್ಲಿ ಅದು ಹಿತ್ತಾಳೆಯ ಕುಲುಮೆಯ ಗೋಡೆಗಂಟಿದ, ಕಣ್ಣಿನ ಔಷಧಿಗೆ ಬಳಸುವ ಬಿಳಿಯ ಪುಡಿ. ನಾಗವೆಂದರೆ ಸಂಸ್ಕೃತದಲ್ಲಿ ಸೀಸ. ತುತ್ಥದ ಸಂಬಂಧವುಳ್ಳ ಸೀಸವೆಂದು ಈ ಸಮಾಸವನ್ನು ಬಿಡಿಸುವುದುಂಟು. ಪೋರ್ಚುಗೀಸರು ಅದನ್ನು ತುತನಾಗವೆಂದೂ ಇಂಗ್ಲಿಷರು ಟೂಟೆನಾಗ್ ಎಂದೂ ಕೊಂಡೊಯ್ದರು. ತಮಾಷೆಯೆಂದರೆ, ಆ ಹೆಸರಿನಲ್ಲಿ ಯುರೋಪಿಗೆ ಸಾಗಿದ ಸರಕು ಬಹುಪಾಲು ಚೀನಾದ್ದು. 1745ರಲ್ಲಿ ಸ್ವೀಡನ್ನಿನ ತವರು ಬಂದರಿನ ಬಳಿಯೇ ಮುಳುಗಿದ ಗೋಥೆಬೋರ್ಗ್ ಎಂಬ ಹಡಗಿನಲ್ಲಿಯೂ ಚೀನಾದ ಸತುವಿನ ಗಟ್ಟಿಗಳಿದ್ದವು.

ಮಿಕ್ಕ ಭಾಷೆಗಳೂ ಹೋಲಿಕೆಯಿಂದಲೇ ಕೆಲಸ ಸಾಗಿಸಿದವು. ಗ್ರೀಕರಿಗೆ ಅದು ಇಂದಿಗೂ ಪ್ಸೆವ್ದಾರ್ಗಿರೋಸ್, ಸುಳ್ಳು ಬೆಳ್ಳಿ. 1637ರ ಚೀನಾದ ತಿಯಾನ್‌ಗೊಂಗ್ ಕೈವು ಗ್ರಂಥದಲ್ಲಿ ಅದು ವೋ ಸೀಸ. ವೋ ಎಂದರೆ ಜಪಾನೀಯರು, ಕರಾವಳಿಯನ್ನು ಕಾಡಿದ ಕಡಲ್ಗಳ್ಳರೆಂದು ಹೆಸರಾದವರು. ನೋಡಲು ಸೀಸದಂತಿದ್ದರೂ ಉಗ್ರಸ್ವಭಾವದ್ದಾದ್ದರಿಂದ ಆ ಹೆಸರೆಂದು ಗ್ರಂಥಕಾರ ಸೊಂಗ್ ಯಿಂಗ್‌ಶಿಂಗ್ ಹೇಳುತ್ತಾನೆ. ಅದೇ ಜಪಾನಿನಲ್ಲಿ ಅದು ಆಯೆನ್, ಸೀಸಕ್ಕೆ ಎರಡನೆಯದು. ಚೀನೀಯರು 19ನೆಯ ಶತಮಾನದಲ್ಲಿ ಲೋಹದ ಚಿಹ್ನೆಗೆ ಶಿನ್ ಎಂಬ ಉಚ್ಚಾರಣೆಯನ್ನು ಜೋಡಿಸಿ ಹೊಸ ಅಕ್ಷರವನ್ನೇ ಕಟ್ಟಿಕೊಂಡರು.

16ನೆಯ ಶತಮಾನದ ಪಾರಾಸೆಲ್ಸಸ್ ಬಳಸಿದ ಜರ್ಮನ್ನಿನ ಟ್ಸಿಂಕ್ ಮುಂದೆ ಇಂಗ್ಲಿಷಿನ ಜಿಂಕ್, ರಷ್ಯನ್ನಿನ ಟ್ಸಿಂಕ್, ತುರ್ಕಿಯ ಚಿಂಕೋ ಆಯಿತು. ಮೊನೆ, ಹಲ್ಲು ಎಂಬರ್ಥದ ಟ್ಸಿಂಕೆಯಿಂದ ಅದು ಬಂತೆಂಬುದು ಹೆಚ್ಚು ಪ್ರಚಲಿತವಾದ ವಿವರಣೆ. ಇಂಗ್ಲೆಂಡಿನ ವಿಲಿಯಂ ಚಾಂಪಿಯನ್ 1738ರಲ್ಲಿ ಹಕ್ಕುಪತ್ರ ಪಡೆದ ವಿಧಾನವೂ ಜಾವರದಂತೆ ಆವಿಯನ್ನು ಕೆಳಮುಖವಾಗಿಳಿಸುವುದೇ. ಆದರೂ ಪುಸ್ತಕಗಳು ಲೋಹವನ್ನು ಬೇರ್ಪಡಿಸಿದ ಕೀರ್ತಿಯನ್ನು 1746ರ ಮಾರ್ಗ್‌ಗ್ರಾಫ್‌ನಿಗೆ ಕೊಡುವುದೇ ಹೆಚ್ಚು. ಅವನ ಪ್ರಯೋಗ ಎಚ್ಚರಿಕೆಯದು, ನಿಜ. ಜಾವರದವರು ಬರೆದಿಡಲಿಲ್ಲ, ಅದೂ ನಿಜ.

ಬೀದರಿನ ಬಿದರಿ ಕಸುಬಿನಲ್ಲಿ ತಾಮ್ರ ಅತ್ಯಲ್ಪ, ಬಹುಪಾಲು ಸತುವೇ. ಅಲ್ಲಿನ ಮನೆಮಾತಾದ ಉರ್ದುವಿನಲ್ಲಿ ಅದಕ್ಕೆ ಹೆಸರು ಜಸ್ತ. ಕನ್ನಡನಾಡಿನ ಅತ್ಯಂತ ಹೆಸರುವಾಸಿಯಾದ ಸತುವಿನ ಕೆಲಸ ನಡೆಯುವ ಊರಿನಲ್ಲಿಯೇ ಇರುವ ಪದವನ್ನು ಸೊಲ್ಲಾಪುರದ ಹುಡುಗನ ಬಾಯಲ್ಲಿ ಮಾತ್ರ ಪರಕೀಯವೆಂದು ಯಾವ ನ್ಯಾಯದಿಂದ ತಿದ್ದುವುದು? ಗಡಿನಾಡಿನ ಕನ್ನಡ ಪಠ್ಯದಲ್ಲಿ ಸತು ಇರಲಿ. ಪಕ್ಕದಲ್ಲಿ ಜಸ್ತವನ್ನೂ ತುತ್ತನಾಗವನ್ನೂ ಅಚ್ಚುಹಾಕಲು ಹಿಡಿಯುವುದು ಒಂದೇ ಸಾಲು.