ಗೋಡೆಯೊಳಗಿನ ತಂತಿಗಳು

ಅತ್ತಿಗುಪ್ಪೆಯ ಮೆಟ್ರೋ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಅಡ್ಡರಸ್ತೆಯೊಂದರಲ್ಲಿ ನಮ್ಮ ಸ್ನೇಹಿತರ ಮನೆಯಿದೆ. ಎಂಬತ್ತರ ದಶಕದ ಆರಂಭದಲ್ಲಿ ಕಟ್ಟಿದ್ದು. ಈಚೆಗೆ ಅವರ ಮಗ ಮಹಡಿಯ ಕೋಣೆಯನ್ನು ಹೋಂ ಥಿಯೇಟರ್ ಮಾಡಿಸಲು ಹೊರಟ. ಅವನದು ಒಂದೇ ಷರತ್ತು: ಒಂದು ವೈರೂ ಕಣ್ಣಿಗೆ ಬೀಳಬಾರದು. ಕೆಲಸಕ್ಕೆ ಬಂದವರು ವಯಸ್ಸಾದ ವೈರ್‌ಮನ್. ಮನೆಯವರೆಲ್ಲ ಅವರನ್ನು 'ಭಾಯ್' ಎಂದೇ ಕರೆಯುತ್ತಾರೆ. ಅವರು ಗೋಡೆ ಕೆತ್ತುತ್ತಾ ಹೋದಂತೆ ಹಳೆಯ ತಂತಿಗಳು ಒಂದೊಂದಾಗಿ ಹೊರಬಂದವು. "ಇದು ಆಂಟೆನಾದು, ಇದು ಕೇಬಲ್‌ನೋರದು, ಇದು ಫೋನಿಂದು. ಯಾರೂ ಹಳೇದನ್ನ ತೆಗೆಯೋಲ್ಲ ಸಾರ್, ಮೇಲೆ ಮೇಲೆ ಮುಚ್ಚುತಾ ಹೋಗ್ತಾರೆ" ಎಂದರು. ಆ ಗೋಡೆಯ ಮುಂದೆ ನಾವು ಅರ್ಧ ದಿನ ಕುಳಿತೆವು. ಈ ಬರಹ ಅಲ್ಲಿಂದ ಹುಟ್ಟಿದ್ದು.

ತಂತಿಯನ್ನು ಮರೆಮಾಚಬೇಕೆಂಬ ಆಸೆ ತೀರಾ ಹಳೆಯದಲ್ಲ. ನಮ್ಮ ನಾಡಿಗೆ ವಿದ್ಯುತ್ ಬಂದಾಗ ತಂತಿ ತೋರಿಸಿಕೊಳ್ಳುವ ವಸ್ತುವಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ಉದ್ದದ ತಂತಿ ಎಳೆಯಲಾಯಿತು. ಮೊದಲು ಬೆಳಗಿದ್ದು ಜನರ ಮನೆಯಲ್ಲ, ಗಣಿ ಎಂಬುದನ್ನು ಮರೆಯಬಾರದು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರ ಆಗಸ್ಟ್ 5ರಂದು. ಏಷ್ಯಾದಲ್ಲೇ ವಿದ್ಯುತ್ ಬೀದಿದೀಪ ಕಂಡ ಮೊದಲ ನಗರ ನಮ್ಮದು ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಶಾಂಘೈ ನಗರದಲ್ಲಿ 1882ರಲ್ಲೇ ವಿದ್ಯುದ್ದೀಪಗಳು ಉರಿದಿದ್ದವು. ಆದ್ದರಿಂದ ಆ ಮಾತು ನಿಲ್ಲುವುದಿಲ್ಲ. ನಮ್ಮ ಹೆಮ್ಮೆಗೆ ಶಿವನಸಮುದ್ರವೊಂದೇ ಸಾಕು.

ಹಳೆಯ ಪೇಟೆಯ ಮನೆಗಳಲ್ಲಿ ತಂತಿ ಗೋಡೆಯ ಮೇಲೆಯೇ ಓಡುತ್ತಿತ್ತು. ಮರದ ತೋಡುಪಟ್ಟಿಯೊಳಗೆ ತಂತಿ ಮಲಗಿಸಿ ಮೇಲೊಂದು ಮರದ ಮುಚ್ಚಳ ಜಡಿಯುವುದು ಒಂದು ಕ್ರಮ. ಕೆಲಸಗಾರರು ಇದನ್ನು ಕೇಸಿಂಗ್-ಕ್ಯಾಪಿಂಗ್ ಎನ್ನುತ್ತಾರೆ. ತೇಗದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪುಗಳಿಂದ ತಂತಿ ಬಿಗಿಯುವುದು ಇನ್ನೊಂದು. ಪಟ್ಟಿ ನೇರವಾಗಿದೆಯೇ, ಮೂಲೆಯಲ್ಲಿ ಸರಿಯಾಗಿ ಕೂಡಿದೆಯೇ ಎಂದು ನೋಡಿ ಮೇಸ್ತ್ರಿಯ ಕೈಚಳಕ ಅಳೆಯುತ್ತಿದ್ದರು. ಆ ಕಾಲದ ತಂತಿಗೆ ರಬ್ಬರ್ ಮತ್ತು ಹತ್ತಿಯ ಹೊದಿಕೆ. ವರ್ಷಗಳು ಕಳೆದಂತೆ ರಬ್ಬರ್ ಒಣಗಿ ಬಿರಿಯುತ್ತಿತ್ತು. ರಿಪೇರಿಗೆ ಕೈಗೆ ಸಿಗಬೇಕಾದರೆ ಅದು ಹೊರಗಿರುವುದೇ ಲೇಸು. ಪಿವಿಸಿ ಹೊದಿಕೆಯ ತಂತಿ, ಪಿವಿಸಿ ಕೊಳವೆಗಳು ಬಳಕೆಗೆ ಬಂದ ಮೇಲೆಯೇ ಮಧ್ಯಮವರ್ಗದ ಮನೆಗಳಲ್ಲಿ 'ಕನ್ಸೀಲ್ಡ್ ವೈರಿಂಗ್' ಸಾಮಾನ್ಯವಾಯಿತು. ಗೋಡೆ ನುಣುಪಾಯಿತು. ಮೇಸ್ತ್ರಿಯ ಕೈಚಳಕವೂ ಅದರೊಂದಿಗೇ ಗೋಡೆಯೊಳಗೆ ಸೇರಿಕೊಂಡಿತು.

ಮನೆಗೆ ಮನರಂಜನೆ ತಂದ ತಂತಿಗಳ ಕಥೆ ಬೇರೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ದೊರೆತದ್ದು ಆ ಕೇಂದ್ರದಿಂದ. ವಾಲ್ವ್ ರೇಡಿಯೋ ಇದ್ದ ಮನೆಯ ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ತಾಮ್ರದ ಬಲೆಯ ಪಟ್ಟಿ ಏರಿಯಲ್ ತೂಗುತ್ತಿತ್ತು. ಅದನ್ನು ಯಾರೂ ಅಡಗಿಸುತ್ತಿರಲಿಲ್ಲ. ರೇಡಿಯೋ ಇಟ್ಟವರು ಲೈಸೆನ್ಸ್ ಶುಲ್ಕ ಕಟ್ಟಲು ಅಂಚೆ ಕಚೇರಿಗೆ ಹೋಗಬೇಕಿತ್ತು. ಅಷ್ಟು ಖರ್ಚು ಮಾಡಿದ ಮೇಲೆ ಬಂದವರಿಗೆ ಏರಿಯಲ್ ಕಾಣದಿದ್ದರೆ ಹೇಗೆ!

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಆರಂಭವಾಯಿತು. ಮರುವರ್ಷ ಏಷ್ಯನ್ ಕ್ರೀಡಾಕೂಟ, ಬಣ್ಣದ ಟಿವಿ. ಮಹಡಿಗಳ ಮೇಲೆ ಆಂಟೆನಾಗಳು ಮೂಡಿದವು. ಅದರಿಂದ ಇಳಿದು ಬರುತ್ತಿದ್ದುದು ಎರಡು ತಂತಿಗಳನ್ನು ಅಂಚಿಗಿಟ್ಟು ಅಚ್ಚು ಹಾಕಿದ ಚಪ್ಪಟೆ ರಿಬ್ಬನ್. ಇದನ್ನು ಗೋಡೆಯೊಳಗೆ ಹೂಳದೆ ಇದ್ದುದಕ್ಕೆ ಕಾರಣವಿದೆ. ಆ ತಂತಿಯ ಸಂಕೇತ ಅದರ ಹೊರಗಿನ ಗಾಳಿಯಲ್ಲೂ ಹರಡಿರುತ್ತದೆ. ಕಬ್ಬಿಣದ ಕೊಳವೆ, ಕಿಟಕಿಯ ಸರಳು, ಒದ್ದೆ ಗೋಡೆ ಹತ್ತಿರ ಬಂದರೆ ಚಿತ್ರ ಕೆಡುತ್ತದೆ. ಹಾಗಾಗಿ ಅದು ಕಿಟಕಿಯಿಂದ ಒಳಗೆ ಬಂದು ಗೋಡೆಯ ಮೇಲೆ ಕಾಣುವಂತೆಯೇ ನಡೆಯಬೇಕಿತ್ತು. ಸ್ನೇಹಿತರ ಮನೆಯ ಕಿಟಕಿಯ ಚೌಕಟ್ಟಿನಲ್ಲಿ ಆ ರಿಬ್ಬನ್ನಿನ ತುಂಡು ನಾಲ್ಕು ಸಲ ಬಣ್ಣ ಬಳಿಸಿಕೊಂಡು ಇನ್ನೂ ಅಂಟಿಕೊಂಡಿದೆ. ನಂತರ ಬಂದ ದುಂಡನೆಯ ಕಪ್ಪು ಕೋ-ಆಕ್ಸಿಯಲ್ ತಂತಿಯಲ್ಲಿ ನಡುವೆ ಒಂದು ತಾಮ್ರದ ಎಳೆ, ಸುತ್ತ ಲೋಹದ ಜಾಲರಿ. ಸಂಕೇತ ಜಾಲರಿಯೊಳಗೇ ಉಳಿಯುತ್ತದೆ. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ನಮ್ಮ ಮನೆಗಳಲ್ಲಿ ಟಿವಿಯ ತಂತಿ ಗೋಡೆಯೊಳಗೆ ಹೋಗಲು ಸಾಧ್ಯವಾದದ್ದು ಈ ಜಾಲರಿಯಿಂದ.

ಆಗ ಜನ ತಂತಿಗಿಂತ ಹೆಚ್ಚಾಗಿ ಮುಚ್ಚಿಡುತ್ತಿದ್ದುದು ಟಿವಿಯನ್ನು. ಆ ಕಾಲದ ಅನೇಕ ಟಿವಿಗಳಿಗೆ ಮರದ ಪೆಟ್ಟಿಗೆ, ಎಳೆಯುವ ಶಟರ್, ಕೆಲವಕ್ಕೆ ಬೀಗವೂ ಇತ್ತು. ಧೂಳು ಒಂದು ನೆಪ. ಮಕ್ಕಳ ಪರೀಕ್ಷೆ ಇನ್ನೊಂದು. ನಮ್ಮಲ್ಲಿ ಕೆಲವರ ಮನೆಗಳಲ್ಲಿ ನಮಾಜಿನ ಹೊತ್ತಿಗೆ ಶಟರ್ ಎಳೆಯುತ್ತಿದ್ದರು. ಅದೇ ಕೋಣೆಯಲ್ಲಿ ಕೊಲ್ಲಿಯಿಂದ ಬಂದ ಟೇಪ್ ರೆಕಾರ್ಡರ್, ವಿಸಿಆರ್ ಇರುತ್ತಿದ್ದವು. ಅವುಗಳ ಹಿಂದೆ ನೇತಾಡುತ್ತಿದ್ದ ತಂತಿಗಳ ಮೇಲೆ ಅಜ್ಜಿಯೊಬ್ಬರು ಹೆಣೆದ ಕ್ರೋಶದ ಬಟ್ಟೆ. ತಂತಿ ಮುಚ್ಚುವ ಕಲೆಗೆ ಅದೇ ನಮ್ಮ ಮೊದಲ ಪಾಠ.

1991ರ ಕೊಲ್ಲಿ ಯುದ್ಧದ ನಂತರ ಕೇಬಲ್ ಟಿವಿ ಬಂತು. ಬಡಾವಣೆಯ ಒಂದು ಮಹಡಿಯ ಮೇಲೆ ಡಿಶ್, ಅಲ್ಲಿಂದ ಕಂಬ, ಮರ, ಕಾಂಪೌಂಡುಗಳ ಮೇಲೆ ಹಾರುತ್ತಾ ಮನೆಮನೆಗೆ ಕಪ್ಪು ತಂತಿ. ಕಾನೂನು ಬರುವಷ್ಟರಲ್ಲಿ, ಅಂದರೆ 1995ರಲ್ಲಿ, ಬೀದಿಗಳ ತುಂಬ ತಂತಿ ಹಬ್ಬಿಯಾಗಿತ್ತು. 2013ರ ಮಾರ್ಚ್ 31 ಬೆಂಗಳೂರಿನ ಕೇಬಲ್‌ನಲ್ಲಿ ಹಳೆಯ ಅನಲಾಗ್ ಪ್ರಸಾರ ನಿಲ್ಲಿಸಲು ಗೊತ್ತುಮಾಡಿದ ಗಡುವು. ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. ಡಿಟಿಎಚ್, ಆಪ್ಟಿಕಲ್ ಫೈಬರ್ ಸೇರಿಕೊಂಡವು. ಹೊಸದು ಬಂದಾಗ ಹಳೆಯದನ್ನು ಇಳಿಸುವ ಹೊಣೆ ಯಾರದೆಂದು ಯಾರೂ ಕೇಳಲಿಲ್ಲ.

ಈಗ ಮಹಡಿಯ ಕೋಣೆಗೆ ಬರೋಣ. ಟಿವಿಗೂ ಪೆಟ್ಟಿಗೆಗೂ ನಡುವೆ ಎಚ್‌ಡಿಎಂಐ, ಐದಾರು ಸ್ಪೀಕರುಗಳಿಗೆ ಬೇರೆ ತಂತಿ, ಇಂಟರ್‌ನೆಟ್‌ಗೆ ಇನ್ನೊಂದು. ಹುಡುಗ ಎಲ್ಲವನ್ನೂ ಒಂದೇ ಪೈಪಿನಲ್ಲಿ ಹಾಕಿ ಎಂದ. ಭಾಯ್ ಒಪ್ಪಲಿಲ್ಲ. 230 ವೋಲ್ಟಿನ ಕರೆಂಟು ಇರುವ ಪೈಪಿಗೆ ಸಂಕೇತದ ತಂತಿ ಸೇರಿಸಕೂಡದು. ಹೊದಿಕೆ ಎಲ್ಲಾದರೂ ಸುಲಿದರೆ ಪೆಟ್ಟಿಗೆ ಮುಟ್ಟಿದವನಿಗೆ ಶಾಕ್. ಸ್ಪೀಕರಿನಲ್ಲಿ 'ಹಮ್' ಎಂಬ ಸದ್ದು ಬರುವುದು ಅದಕ್ಕಿಂತ ಸಣ್ಣ ತೊಂದರೆ. ಎಚ್‌ಡಿಎಂಐ ತಂತಿಯ ತಲೆ ಅಗಲ, ಮಾಮೂಲಿ ಪೈಪಿನ ತಿರುವಿನಲ್ಲಿ ತೂರುವುದಿಲ್ಲ. ಹಾಗೇ ಹೂತು ಪ್ಲಾಸ್ಟರ್ ಮಾಡಿದರೆ ತಂತಿ ಕೆಟ್ಟ ದಿನ ಗೋಡೆ ಒಡೆಯಬೇಕು. ದಪ್ಪ ಪೈಪ್ ಹಾಕಿ ಒಳಗೊಂದು ದಾರ ಬಿಡಬೇಕು, ನಾಳೆ ಬರುವವನು ಅದಕ್ಕೆ ಹೊಸ ತಂತಿ ಕಟ್ಟಿ ಎಳೆದುಕೊಳ್ಳುತ್ತಾನೆ. ಗೋಡೆಯೊಳಗೆ ಜಾಯಿಂಟ್ ಇರಕೂಡದು. ಟಿವಿಯ ಪ್ಲಗ್ಗಿನ ಮೆತ್ತನೆ ವೈರನ್ನು ಹೂಳಲೇಬಾರದು, ಟಿವಿಯ ಹಿಂದೆಯೇ ಅರ್ತ್ ಇರುವ ಪಾಯಿಂಟ್ ಕೊಡಬೇಕು. "ಮುಚ್ಚೋದು ಸುಲಭ ಮಗಾ, ಮತ್ತೆ ತೆಗೆಯೋ ಹಾಗೆ ಮುಚ್ಚಬೇಕು" ಎಂದರು.

ಕೋಣೆಯ ಕಿಟಕಿಯಿಂದ ಹೊರಗೆ ನೋಡಿದರೆ ಬೀದಿಯ ಕಂಬದಲ್ಲಿ ಸತ್ತ ತಂತಿಗಳ ಸುರುಳಿಗಳು ತೂಗುತ್ತಿದ್ದವು. ಒಳಗೆ ಒಂದೆಳೆಯೂ ಕಾಣಬಾರದೆನ್ನುವ ನಾವು ಹೊರಗಿನ ಆ ರಾಶಿಯನ್ನು ಕಾಣುವುದನ್ನೇ ಬಿಟ್ಟಿದ್ದೇವೆ. ಯಾವುದು ಸತ್ತದ್ದು, ಯಾವುದು ಜೀವಂತ ಎಂದು ದಾರಿಹೋಕನಿಗೆ ತಿಳಿಯುವುದು ಹೇಗೆ? 2023ರ ನವೆಂಬರ್ 19ರ ನಸುಕಿನಲ್ಲಿ ಕಾಡುಗೋಡಿಯ ಹೋಪ್ ಫಾರ್ಮ್ ಬಳಿ ಪಾದಚಾರಿ ಮಾರ್ಗದ ಮೇಲೆ ತುಂಡಾಗಿ ಬಿದ್ದಿದ್ದ ವಿದ್ಯುತ್ ತಂತಿ ತಗುಲಿ ಯುವತಿ ಮತ್ತು ಅವರ ಒಂಬತ್ತು ತಿಂಗಳ ಮಗು ತೀರಿಕೊಂಡರು. ನಗರದಲ್ಲಿ ಮೇಲಿನ ತಂತಿಗಳನ್ನು ನೆಲದಡಿಗೆ ಇಳಿಸುವ ಕೆಲಸ ಹಲವು ವರ್ಷಗಳಿಂದ ನಡೆದಿದೆ. ಆದರೆ ಅಡ್ಡರಸ್ತೆಯ ಕಂಬದ ಮೇಲಿನ ಕೇಬಲ್ ಸುರುಳಿಗೆ ವಾರಸುದಾರರಿಲ್ಲ.

ಇದೇ ಅತ್ತಿಗುಪ್ಪೆಯ ಮೇಲೆ 2015ರ ನವೆಂಬರಿನಿಂದ ಓಡುತ್ತಿರುವ ಮೆಟ್ರೋ ರೈಲಿಗೆ ತಲೆಯ ಮೇಲೆ ತಂತಿಯೇ ಇಲ್ಲ. ಹಳಿಯ ಬದಿಯಲ್ಲಿರುವ ಮೂರನೇ ಹಳಿಯಿಂದ 750 ವೋಲ್ಟಿನ ವಿದ್ಯುತ್ ಪಡೆಯುತ್ತದೆ. ನೋಟಕ್ಕೆ ಚೆನ್ನ. ಆದರೆ ಅಡಗಿದ್ದರೂ ಅಪಾಯ ಹೋಗಿಲ್ಲವೆಂದು ಪ್ಲಾಟ್‌ಫಾರಂನಲ್ಲಿ ಹಳದಿ ಗೆರೆ ಎಳೆದಿದ್ದಾರೆ, ಕಾವಲಿಗೆ ಸಿಬ್ಬಂದಿ ಇಟ್ಟಿದ್ದಾರೆ.

ಸಂಜೆ ಪೈಪುಗಳೆಲ್ಲ ಕೂತ ಮೇಲೆ ಗಾರೆಯವನು ಸಿಮೆಂಟು ಕಲಸತೊಡಗಿದ. ಭಾಯ್ ಅವನನ್ನು ತಡೆದರು. ಹುಡುಗನನ್ನು ಕರೆದು, ಗೋಡೆಗೆ ಟೇಪು ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂದು ಅಳತೆ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆಸಿದರು. ಹೊರಗೆಳೆದಿದ್ದ ಹಳೆಯ ತಂತಿಗಳನ್ನು ಸುತ್ತಿ, ತಾಮ್ರ ಇದ್ದುದನ್ನು ಬೇರೆ ಮಾಡಿ ಚೀಲಕ್ಕೆ ಹಾಕಿಕೊಂಡರು. ಕಿಟಕಿಯ ಮೇಲಿನ ರಿಬ್ಬನ್ ಮಾತ್ರ ಬಣ್ಣದೊಳಗೆ ಎಷ್ಟು ಗಟ್ಟಿಯಾಗಿ ಅಂಟಿತ್ತೆಂದರೆ ಬಿಡಿಸಲು ಬರಲಿಲ್ಲ.