ಮೆಕ್ಕೆಜೋಳದ ವ್ಯಾಧಿಯೂ ಮನಸ್ಸಿನ ಬಳಲಿಕೆಯೂ



ದೇಹದ ಕಾಯಿಲೆಯೇ ಬೇರೆ, ಮನಸ್ಸಿನ ಕಾಯಿಲೆಯೇ ಬೇರೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಜ್ವರ ಬಂದವರಿಗೆ ಗಂಜಿ ಕಾಯಿಸಿ ಕೊಡುವ ನಾವು, ಖಿನ್ನತೆಯಿಂದ ಬಳಲುವವರಿಗೆ ‘ಧೈರ್ಯ ತಂದುಕೊ’ ಎಂದು ಉಪದೇಶಿಸಿ ಸುಮ್ಮನಾಗುತ್ತೇವೆ. ಈ ಭೇದವೆಷ್ಟು ತೆಳುವಾದುದೆಂಬುದನ್ನು ಪೆಲ್ಲಾಗ್ರ ಎಂಬ ರೋಗದ ಇತಿಹಾಸವು ತೋರಿಸಿಕೊಡುತ್ತದೆ.

ಅಮೆರಿಕ ಖಂಡದಿಂದ ಯುರೋಪಿಗೆ ಬಂದ ಮೆಕ್ಕೆಜೋಳವು ಎಲ್ಲೆಲ್ಲಿ ಬಡವರ ಮುಖ್ಯ ಆಹಾರವಾಯಿತೋ ಅಲ್ಲೆಲ್ಲ ಈ ರೋಗವು ಕಾಣಿಸಿಕೊಂಡಿತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಇದನ್ನು ಗುರುತಿಸಿದರು. ಬಿಸಿಲು ತಾಗಿದ ಚರ್ಮ ಒರಟಾಗಿ ಸುಲಿಯುವುದು, ಭೇದಿ, ನಿಶ್ಶಕ್ತಿ. ಇವುಗಳೊಡನೆ ಖಿನ್ನತೆ, ಕೊನೆಗೆ ಬುದ್ಧಿಭ್ರಮಣೆ. ಎಷ್ಟೋ ರೋಗಿಗಳು ಹುಚ್ಚಾಸ್ಪತ್ರೆಗಳಲ್ಲಿಯೇ ಪ್ರಾಣಬಿಟ್ಟರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲ್ಲಾಗ್ರ ಹರಡಿದಾಗ, ಅದು ಅಂಟುರೋಗವೆಂದು ಹಲವರು ನಂಬಿದ್ದರು. 1914ರಲ್ಲಿ ಸರ್ಕಾರಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ತನಿಖೆಗೆ ಬಂದರು. ಅನಾಥಾಲಯ, ಹುಚ್ಚಾಸ್ಪತ್ರೆಗಳಲ್ಲಿ ನಿವಾಸಿಗಳಿಗೆ ರೋಗವಿದ್ದರೂ ಸಿಬ್ಬಂದಿಗೆ ಅದು ತಗಲದಿರುವುದನ್ನು ಅವರು ಗಮನಿಸಿದರು. ಮಕ್ಕಳಿಗೆ ಹಾಲು, ಮೊಟ್ಟೆ, ಕಾಳು, ಮಾಂಸ ಕೊಡಿಸಿದಾಗ ರೋಗ ಹಿಮ್ಮೆಟ್ಟಿತು. 1915ರಲ್ಲಿ ಮಿಸಿಸಿಪಿಯ ಕೈದಿಗಳು ಕ್ಷಮಾದಾನದ ಭರವಸೆಯ ಮೇಲೆ ಬಡವರ ಆಹಾರವನ್ನಷ್ಟೇ ಉಂಡರು. ಪ್ರಯೋಗ ಪೂರೈಸಿದ 11 ಮಂದಿಯಲ್ಲಿ 6 ಮಂದಿಗೆ ರೋಗ ಬಂದಿತು. ಮರುವರ್ಷ ಗೋಲ್ಡ್‌ಬರ್ಗರ್ ರೋಗಿಗಳ ರಕ್ತವನ್ನು ತಮ್ಮ ದೇಹಕ್ಕೇ ಚುಚ್ಚಿಸಿಕೊಂಡರು. ಏನೂ ಆಗಲಿಲ್ಲ. ಅಂಟಿದ್ದು ರೋಗವಲ್ಲ, ಬಡತನ.

1937ರಲ್ಲಿ ವಿಸ್ಕಾನ್ಸಿನ್‌ನ ಎಲ್ವೆಹ್ಯೆಮ್ ನಾಯಾಸಿನ್ ಎಂಬ ಜೀವಸತ್ವವೇ ಔಷಧವೆಂದು ಕಂಡುಕೊಂಡರು. ಆದರೆ ಹಾಲಿನಲ್ಲಿ ನಾಯಾಸಿನ್ ಅತ್ಯಲ್ಪ. ಹಾಗಿದ್ದೂ ಅದು ರೋಗವನ್ನು ಗುಣಪಡಿಸುತ್ತಿದ್ದುದೇಕೆ? ಉತ್ತರ 1945ರಲ್ಲಿ ಅಲ್ಲಿಯೇ ದೊರೆಯಿತು. ಹಾಪ್ಕಿನ್ಸ್ ಮತ್ತು ಕೋಲ್ 1901ರಲ್ಲಿ ಬೇರ್ಪಡಿಸಿದ್ದ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವು ನಾಯಾಸಿನ್ನಿನ ಕೆಲಸವನ್ನು ತೂಗಿಸಿಕೊಡುತ್ತಿತ್ತು. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫಾನ್ 1 ಮಿಲಿಗ್ರಾಂ ನಾಯಾಸಿನ್ನಿಗೆ ಸಮ. ಹಾಲಿನಲ್ಲಿ ಅದು ಧಾರಾಳ, ಮೆಕ್ಕೆಜೋಳದಲ್ಲಿ ಕಡಿಮೆ.

ಟ್ರಿಪ್ಟೊಫಾನಿನ ಬಹುಪಾಲು ಕೈನುರೆನಿನ್ ಎಂಬ ಹಾದಿ ಹಿಡಿಯುತ್ತದೆ. ಆ ಹಾದಿಯ ಕೊನೆಯಲ್ಲಿ ಎನ್‌ಎಡಿ ಎಂಬ ಸಹಕಿಣ್ವವು ಸಿದ್ಧವಾಗುತ್ತದೆ. ಅದಿಲ್ಲದೆ ಜೀವಕೋಶವು ಅನ್ನವನ್ನು ಶಕ್ತಿಯಾಗಿಸಲಾರದು. ಸಣ್ಣ ಪಾಲು ಮಾತ್ರ ಸೆರೊಟೊನಿನ್ ಆಗಿ ಮನೋಭಾವದೊಡನೆ ನಂಟು ಬೆಳೆಸುತ್ತದೆ. ಶರೀರದಲ್ಲಿ ಉರಿಯೂತವಿದ್ದಾಗ ಕೈನುರೆನಿನ್ ಹಾದಿಗೆ ಇನ್ನಷ್ಟು ಟ್ರಿಪ್ಟೊಫಾನ್ ಹರಿಯುತ್ತದೆ. ಖಿನ್ನತೆಗೂ ಈ ತಿರುವಿಗೂ ಸಂಬಂಧವಿರಬಹುದೆಂದು 1969ರಲ್ಲಿ ಲಾಪಿನ್ ಮತ್ತು ಆಕ್ಸೆನ್‌ಕ್ರುಗ್ ಸೂಚಿಸಿದರು. ಸಂಶೋಧನೆ ಇಂದಿಗೂ ಮುಂದುವರಿದಿದೆ.

ಹಾಗೆಂದು ಖಿನ್ನತೆಯೆಂದರೆ ಸೆರೊಟೊನಿನ್ನಿನ ಕೊರತೆಯಷ್ಟೇ ಎಂದು ತಿಳಿಯಬಾರದು. ಅದಕ್ಕೆ ಸ್ಥಿರವಾದ ಆಧಾರವಿಲ್ಲವೆಂದು 2022ರ ಒಂದು ಸಮಗ್ರ ಪರಾಮರ್ಶೆಯು ಹೇಳಿತು. ಬಾಳೆಹಣ್ಣು ತಿಂದರೆ ದುಃಖ ನೀಗುವುದೆಂಬ ಮಾತನ್ನೂ ನಂಬಬೇಡಿ. ಪೆಲ್ಲಾಗ್ರ ಕಲಿಸುವ ಪಾಠ ಇಷ್ಟೇ: ಹುಚ್ಚರೆಂದು ಕೂಡಿಹಾಕಿದವರಲ್ಲಿ ಅನೇಕರಿಗೆ ಬೇಕಾಗಿದ್ದುದು ಒಂದು ಲೋಟ ಹಾಲು, ಒಂದು ಹಿಡಿ ಕಾಳು. ನಿಮ್ಮ ಮನೆಯಲ್ಲಿ ಯಾರಾದರೂ ಮಂಕಾಗಿ ಕುಳಿತಿದ್ದರೆ ಅವರ ಮನೋಬಲವನ್ನು ಹಳಿಯುವ ಮೊದಲು ಹೊತ್ತುಹೊತ್ತಿಗೆ ಉಣ್ಣುತ್ತಿರುವರೇ ಎಂದು ನೋಡಿರಿ. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.