ಘಟ್ಟ ಹತ್ತಿದ ಮತಕ್ಷೇತ್ರ

ದೆಹಲಿಯ ಕೇಂದ್ರ ಶಾಸನಸಭೆಗೆ 1920ರಲ್ಲಿ ಚುನಾವಣೆ ನಡೆದಾಗ ಉಡುಪಿ, ಕಾಪು, ಕಾರ್ಕಳದ ಮತದಾರರು ಸೇರಿದ್ದು 'ಪಶ್ಚಿಮ ಕರಾವಳಿ ಮತ್ತು ನೀಲಗಿರಿ, ಮುಸ್ಲಿಮೇತರ ಗ್ರಾಮೀಣ' ಎಂಬ ಕ್ಷೇತ್ರಕ್ಕೆ. ದಕ್ಷಿಣ ಕನ್ನಡ, ಮಲಬಾರ್, ನೀಲಗಿರಿ ಮೂರನ್ನೂ ಒಟ್ಟುಗೂಡಿಸಿ ಮಾಡಿದ ಕ್ಷೇತ್ರ ಅದು. ಬೈಂದೂರಿನಿಂದ ಪಾಲಕ್ಕಾಡಿನವರೆಗಿನ ನಾಡು, ಅದರ ಮೇಲೆ ಊಟಿಯ ಚಹಾ ತೋಟಗಳು. ಮುಸಲ್ಮಾನರಿಗೆ ಇದೇ ನೆಲದಲ್ಲಿ ಬೇರೊಂದು ಕ್ಷೇತ್ರ, ಬೇರೊಂದು ಪಟ್ಟಿ. ತುಳು, ಕನ್ನಡ, ಕೊಂಕಣಿ, ಮಲಯಾಳಂ, ಬಡಗ, ತಮಿಳು ಆಡುವವರೆಲ್ಲ ಕೂಡಿ ಒಬ್ಬ ಸದಸ್ಯನನ್ನು ಆರಿಸಬೇಕಿತ್ತು. ಕಾರ್ಕಳದ ಒಬ್ಬ ಭೂಮಾಲಿಕ ಕೂನೂರಿನ ಅಭ್ಯರ್ಥಿಯ ಮುಖ ನೋಡುವ ಸಂಭವವೇ ಇರಲಿಲ್ಲ.

ಇಲ್ಲಿ ಮತದ ಚರಿತ್ರೆ ಆರಂಭವಾಗುವುದು ತೀರ್ವೆಯಿಂದ, ಅಂದರೆ ಭೂಕಂದಾಯದಿಂದ. 1799ರಲ್ಲಿ ಟಿಪ್ಪುವಿನ ಪತನದ ನಂತರ, ಕೆನರಾ ಎಂದು ಕರೆಯುತ್ತಿದ್ದ ಈ ನಾಡು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ವಿಂಗಡಿಸುವ ನಾಡಿದು. ಭೂಮಿ ವರ್ಗ ಎಂಬ ಹಿಡುವಳಿಗಳ ಲೆಕ್ಕದಲ್ಲಿತ್ತು, ವರ್ಗದಾರನ ಹೆಸರಿನಲ್ಲಿ ಸರ್ಕಾರಕ್ಕೆ ತೀರ್ವೆ ಸಲ್ಲುತ್ತಿತ್ತು. ಅವನ ಕೆಳಗೆ ಶಾಶ್ವತ ಗೇಣಿಯ ಹಕ್ಕುಳ್ಳ ಮೂಲಗೇಣಿಯವರು, ಅವರಿಗೂ ಕೆಳಗೆ ಆ ಹಕ್ಕಿಲ್ಲದ ಚಾಲಗೇಣಿಯ ಒಕ್ಕಲುಗಳು. ಅಕ್ಕಿ ಮುಡಿ ಕಟ್ಟಿ ಧನಿಯ ಚಾವಡಿಗೆ ಹೊತ್ತೊಯ್ಯುತ್ತಿದ್ದವರು ಇವರು. ತೀರ್ವೆಯ ಭಾರ ತಾಳಲಾರದೆ 1830-31ರಲ್ಲಿ ಕೆನರಾದ ರೈತರು ಕೂಟಗಳನ್ನು ಕಟ್ಟಿ ಕಂದಾಯ ಕೊಡುವುದಿಲ್ಲವೆಂದು ನಿಂತರು. ಮಂಗಳೂರಿನ ಕದ್ರಿ ದೇವಸ್ಥಾನದ ಬಯಲಲ್ಲೂ ಕೂಟ ಸೇರಿತ್ತು. ಸರ್ಕಾರದ ಎದುರು ಊರಿನ ಜನ ಒಟ್ಟಾಗಿ ಮಾತನಾಡಿದ ಆ ಕೂಟಗಳನ್ನು ನಾನು ಈ ಕ್ಷೇತ್ರದ ಚರಿತ್ರೆಯ ಮೊದಲ ಅಧ್ಯಾಯವೆಂದೇ ಎಣಿಸುತ್ತೇನೆ. ಮತಪತ್ರ ಬರಲು ಇನ್ನೂ ತೊಂಬತ್ತು ವರ್ಷ ಬೇಕಾಯಿತು.

ಬಂದಾಗಲೂ ಅದು ತೀರ್ವೆಯನ್ನೇ ಹಿಡಿದುಕೊಂಡು ಬಂತು. 1919ರ ಕಾಯ್ದೆಯ ಪ್ರಕಾರ ಮದ್ರಾಸ್ ವಿಧಾನ ಪರಿಷತ್ತಿಗೆ 98 ಮಂದಿ ಚುನಾಯಿತರು. ಹಳ್ಳಿಯ ಕ್ಷೇತ್ರಗಳಲ್ಲಿ ಮತ ಹಾಕಲು ವರ್ಷಕ್ಕೆ ಹತ್ತು ರೂಪಾಯಿಯಾದರೂ ಹುಟ್ಟುವಳಿಯ ಪಟ್ಟಾ ಭೂಮಿ ಬೇಕು, ಇಲ್ಲವೇ ಆದಾಯ ತೆರಿಗೆ ಕಟ್ಟಬೇಕು, ಅಥವಾ ಸೈನ್ಯದಿಂದ ನಿವೃತ್ತನಾಗಿರಬೇಕು. ದೆಹಲಿಯ ಸಭೆಗೆ ಮತ ಹಾಕಲು ಇದಕ್ಕೂ ಹೆಚ್ಚಿನ ಆಸ್ತಿ ಬೇಕಾಗಿತ್ತು. ಪ್ರಾಂತದಲ್ಲಿ ನೂರಕ್ಕೆ ಮೂರರಷ್ಟು ಮಂದಿಗೆ ಮಾತ್ರ ಪರಿಷತ್ತಿನ ಮತ ದಕ್ಕಿತು. ಆ ಮೊದಲ ಚುನಾವಣೆಯನ್ನು ಕಾಂಗ್ರೆಸ್ ಬಹಿಷ್ಕರಿಸಿತು. ಜಸ್ಟಿಸ್ ಪಕ್ಷ ಅಧಿಕಾರ ಹಿಡಿಯಿತು.

ಈ ನಿಯಮ ತುಳುನಾಡಿನಲ್ಲಿ ಯಾರನ್ನು ಒಳಗೆ ಕರೆಯಿತು, ಯಾರನ್ನು ಹೊರಗೆ ನಿಲ್ಲಿಸಿತು ಎಂದು ಯೋಚಿಸಿದರೆ ಊರಿನ ನಕಾಶೆಯೇ ಬೇರೆಯಾಗಿ ಕಾಣುತ್ತದೆ. ಊರಿನ ಭೂಮಾಲಿಕರಾದ ಗುತ್ತಿನ ಮನೆಗಳು ಒಳಗೆ. ಅದೇ ಗುತ್ತಿನ ಗದ್ದೆಯಲ್ಲಿ ಎಣೆಲು, ಸುಗ್ಗಿ ಎರಡೂ ಬೆಳೆ ತೆಗೆಯುತ್ತಿದ್ದ ಒಕ್ಕಲು, ಪಟ್ಟೆಯಲ್ಲಿ ಹೆಸರಿಲ್ಲದ ಕಾರಣಕ್ಕೆ, ಹೊರಗೆ. ಕಾಪುವಿನ ಕಡಲ ಬದಿಯಲ್ಲಿ 1901ರಿಂದ ದೀಪಸ್ತಂಭ ಬೆಳಗುತ್ತಿತ್ತು. ಅದರ ಬೆಳಕು ನೋಡಿ ದೋಣಿ ತಿರುಗಿಸುತ್ತಿದ್ದ ಮೊಗವೀರನಿಗೆ ಮತವಿಲ್ಲ, ಯಾಕೆಂದರೆ ಕಡಲಿಗೆ ಪಟ್ಟೆಯೂ ಇಲ್ಲ, ತೀರ್ವೆಯೂ ಇಲ್ಲ. ಅಳಿಯಕಟ್ಟಿನ ಕುಟುಂಬಗಳ ಸಂಗತಿ ಇನ್ನೂ ಸೂಕ್ಷ್ಮ. ಅಲ್ಲಿ ಆಸ್ತಿ ಹೆಣ್ಣಿನ ಬಳಿಯಲ್ಲಿ ಇಳಿಯುತ್ತದೆ, ಭೂಮಿ ಇಡೀ ಕುಟುಂಬದ್ದು. ಆದರೆ ಕೂಡುಕುಟುಂಬಕ್ಕೆ ಒಂದೇ ಮತ. ಐವತ್ತು ಮಂದಿಯ ಮನೆಯ ಪರವಾಗಿ ಮತಗಟ್ಟೆಗೆ ಹೋಗುತ್ತಿದ್ದವನು ಬಹುಮಟ್ಟಿಗೆ ಯಜಮಾನನೇ.

ಹೆಣ್ಣುಮಕ್ಕಳ ಹೆಸರನ್ನು ಪಟ್ಟಿಗೆ ಸೇರಿಸಲು ಮದ್ರಾಸ್ ಪರಿಷತ್ತು 1921ರಲ್ಲೇ ಒಪ್ಪಿತು. ಆದರೆ ಸದಸ್ಯೆಯಾಗಲು ಅವಕಾಶ ಸಿಕ್ಕಿದ್ದು 1926ರಲ್ಲಿ. ಆ ವರ್ಷವೇ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ನಮ್ಮ ಜಿಲ್ಲೆಯಿಂದಲೇ ಪರಿಷತ್ತಿಗೆ ಸ್ಪರ್ಧಿಸಿದರು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಸ್ಪರ್ಧಿಸುವಂತೆ ಹುರಿದುಂಬಿಸಿದವರು ಮಾರ್ಗರೆಟ್ ಕಸಿನ್ಸ್. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ, ಮತದಾರರ ಪಟ್ಟಿಯಲ್ಲಿ ಗಂಡಸರೇ ಹೆಚ್ಚು. ಆದರೂ ಅವರು ಸೋತದ್ದು ಬಹಳ ಸಣ್ಣ ಅಂತರದಿಂದ. ಭಾರತದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆಯೆಂದು ಅವರ ಹೆಸರು ದಾಖಲಾಗಿದೆ. ಮರುವರ್ಷ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅದೇ ಪರಿಷತ್ತಿಗೆ ನಾಮಕರಣಗೊಂಡು ಉಪಾಧ್ಯಕ್ಷೆಯಾದರು. ಕಮಲಾದೇವಿಯವರ ಆ ಚುನಾವಣೆಯನ್ನು ನೆನಪಿಸುವ ಒಂದು ಕಲ್ಲು, ಒಂದು ಫಲಕ ನಮ್ಮ ಜಿಲ್ಲೆಯಲ್ಲಿ ಇರಲೇಬೇಕೆಂಬುದು ನನ್ನ ಆಸೆ. ಕರಕುಶಲ ಕಲೆಗಳ ಕಮಲಾದೇವಿಯನ್ನು ನಾವು ಬಲ್ಲೆವು, ಮತ ಕೇಳಿದ ಕಮಲಾದೇವಿಯನ್ನು ಮರೆತಿದ್ದೇವೆ.

1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಉಡುಪಿಗೆ ಬಂದರು. ಅದೇ ವರ್ಷದ ಕೊನೆಯಲ್ಲಿ ನಡೆದ ಕೇಂದ್ರ ಸಭೆಯ ಚುನಾವಣೆಯಲ್ಲಿ ಪಶ್ಚಿಮ ಕರಾವಳಿ–ನೀಲಗಿರಿ ಸ್ಥಾನ ಮಲಬಾರಿನ ಉದ್ಯಮಿ ಸಾಮ್ಯುವೆಲ್ ಆರನ್ ಅವರಿಗೆ ಹೋಯಿತು. 1937ರ ಪ್ರಾಂತೀಯ ಚುನಾವಣೆಯ ಹೊತ್ತಿಗೆ ಮತದಾರರ ಪಟ್ಟಿ ಒಮ್ಮೆಲೇ ಹಿಗ್ಗಿತು: ಆಸ್ತಿಯ ಮಿತಿ ಇಳಿಯಿತು, ಓದುಬರಹ ಬಲ್ಲವರಿಗೂ ಮತ ಬಂತು. ಅಕ್ಷರ ಬಾರದವರಿಗಾಗಿ ಬಣ್ಣದ ಪೆಟ್ಟಿಗೆಗಳು. ಮದ್ರಾಸ್ ಪ್ರಾಂತದಲ್ಲಿ ಕಾಂಗ್ರೆಸ್ಸಿನದು ಹಳದಿ. ಪ್ರಾಂತದ 215 ಸ್ಥಾನಗಳಲ್ಲಿ 159 ಆ ಹಳದಿ ಪೆಟ್ಟಿಗೆಗೆ ಬಿದ್ದವು, ರಾಜಾಜಿ ಪ್ರಾಂತದ ಪ್ರಧಾನಿಯಾದರು. ಆಗಲೂ ಪ್ರಾಯಕ್ಕೆ ಬಂದ ಎಲ್ಲರಿಗೂ ಮತವೆಂಬುದು ದೂರದ ಮಾತು.

ಅದು ಬಂದದ್ದು ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ. ಜಿಲ್ಲೆ ಎರಡು ಲೋಕಸಭಾ ಕ್ಷೇತ್ರಗಳಾಯಿತು: ದಕ್ಷಿಣ ಕನ್ನಡ ಉತ್ತರ, ದಕ್ಷಿಣ ಕನ್ನಡ ದಕ್ಷಿಣ. ಉತ್ತರದಿಂದ ಉಳ್ಳಾಲ ಶ್ರೀನಿವಾಸ ಮಲ್ಯ, ದಕ್ಷಿಣದಿಂದ ಪತ್ರಕರ್ತ ಬೆನೆಗಲ್ ಶಿವರಾವ್ ಗೆದ್ದರು. ಮದ್ರಾಸ್ ವಿಧಾನಸಭೆಗೂ ಅದೇ ಹೊತ್ತಿಗೆ ಮತ. 375 ಮಂದಿಯ ಆ ಸಭೆಯಲ್ಲಿ ತಮಿಳು, ತೆಲುಗಿನ ದೊಡ್ಡ ದನಿಗಳ ನಡುವೆ ನಮ್ಮವರು ಬೆರಳೆಣಿಕೆಯಷ್ಟೇ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಒಂದೇ ಪಟ್ಟಿಯಲ್ಲಿ ಮತ ಹಾಕುತ್ತಿದ್ದ ಕನ್ನಡದ ಬಳಗ ಎರಡು ರಾಜ್ಯಗಳ ಪಾಲಾದ ನೋವು ಇಂದಿಗೂ ಆರಿಲ್ಲ.

1957ರಲ್ಲಿ 'ಉಡುಪಿ' ಎಂಬ ಹೆಸರಿನ ಲೋಕಸಭಾ ಕ್ಷೇತ್ರ ಹುಟ್ಟಿತು. ಮಲ್ಯರು ಆಗಲೂ ಗೆದ್ದರು, 1962ರಲ್ಲೂ ಗೆದ್ದರು, 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಸಂಸದನೆಂದರೆ ಏನು ಮಾಡಬೇಕೆಂದು ಈ ಕರಾವಳಿ ಕಲಿತದ್ದು ಅವರಿಂದ. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, ಬಜ್ಪೆಯ ವಿಮಾನ ನಿಲ್ದಾಣ, ಪಣಂಬೂರಿನ ಬಂದರು, ಹೊಳೆಹೊಳೆ ದಾಟುವ ಹೆದ್ದಾರಿ: ಇವೆಲ್ಲದರ ಹಿಂದೆ ಅವರ ಓಡಾಟವಿದೆ. 1967ರಲ್ಲಿ ಸ್ವತಂತ್ರ ಪಕ್ಷದ ಜೆ. ಎಂ. ಲೋಬೊ ಪ್ರಭು ಎಂಬ ನಿವೃತ್ತ ಐಸಿಎಸ್ ಅಧಿಕಾರಿ ಇಲ್ಲಿಂದ ಗೆದ್ದರು. 1971ರಲ್ಲಿ ಪಿ. ರಂಗನಾಥ ಶೆಣೈ ಅದನ್ನು ಕಾಂಗ್ರೆಸ್ಸಿಗೆ ಮರಳಿ ತಂದರು.

ಈ ನಡುವೆ ಮಣಿಪಾಲ ಎದ್ದಿತ್ತು. ಮುರಕಲ್ಲಿನ ಬೋಳು ಗುಡ್ಡದ ಮೇಲೆ ಡಾ. ಟಿ. ಎಂ. ಎ. ಪೈ 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ತೆರೆದರು. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ ಪಿಗ್ಮಿ ಠೇವಣಿಯ ಮೂಲಕ ದಿನಕ್ಕೆ ಎರಡಾಣೆ ಉಳಿಸುವವನ ಮನೆಬಾಗಿಲಿಗೂ ಹೋಯಿತು. ಅದೇ ಪೈ ಮನೆತನದ ಟಿ. ಎ. ಪೈ ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿ, ಕೇಂದ್ರದಲ್ಲಿ ರೈಲ್ವೆ ಮಂತ್ರಿಯಾಗಿ, 1977ರಲ್ಲಿ ಉಡುಪಿಯಿಂದ ಲೋಕಸಭೆಗೆ ಹೋದರು.

ಆದರೆ ಚುನಾವಣೆಗಳಿಗಿಂತಲೂ ಇಲ್ಲಿನ ಮತದಾರನನ್ನು ಬದಲಿಸಿದ್ದು 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣಾ ತಿದ್ದುಪಡಿ. ಹಳೆಯ ತಲೆಯವರು ಇಂದಿಗೂ 'ಡಿಕ್ಲರೇಶನ್ ಕೊಟ್ಟದ್ದು' ಎಂದೇ ಆ ಕಾಲವನ್ನು ಗುರುತಿಸುತ್ತಾರೆ. ಏಳನೇ ನಮೂನೆಯ ಅರ್ಜಿ, ತಾಲೂಕು ಕಚೇರಿಯ ಟ್ರಿಬ್ಯೂನಲ್, ಧನಿಯ ಎದುರು ನಿಂತು ಸಾಕ್ಷಿ ಹೇಳುವ ಒಕ್ಕಲು. 1920ರಲ್ಲಿ ಪಟ್ಟೆಯಿಲ್ಲದೆ ಮತವಿಲ್ಲದಿದ್ದ ಮನೆಯ ಮೊಮ್ಮಕ್ಕಳು ಮತದ ಬಲದಿಂದ ಪಟ್ಟೆ ಪಡೆದರು. ಧನಿ ಹೇಳಿದ ಗುರುತಿಗೆ ಒಕ್ಕಲು ಮುದ್ರೆ ಒತ್ತುವ ಕಾಲ ಅಲ್ಲಿಗೆ ಮುಗಿಯಿತು. ಸಣ್ಣ ಹಿಡುವಳಿಯ ವಿಧವೆಯರು ಗೇಣಿಗೆ ಕೊಟ್ಟ ಗದ್ದೆ ಕಳೆದುಕೊಂಡು ಪಟ್ಟ ಕಷ್ಟವೂ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಈ ನೆಲದಲ್ಲಿ ಇದಕ್ಕಿಂತ ದೊಡ್ಡ ನ್ಯಾಯ ನಡೆದದ್ದು ನನಗೆ ಗೊತ್ತಿಲ್ಲ.

ಕಾರ್ಕಳದ ಹಾದಿ ಬೇರೆ. ಗೊಮ್ಮಟನ ಊರು ಆಗ ಬೆಳ್ತಂಗಡಿಯ ಜೊತೆಗೆ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಸೇರಿತ್ತು. ಹಾಗಾಗಿ 1978ರ ನವೆಂಬರಿನಲ್ಲಿ ಡಿ. ಬಿ. ಚಂದ್ರೇಗೌಡರು ತೆರವು ಮಾಡಿದ ಸ್ಥಾನಕ್ಕೆ ಇಂದಿರಾ ಗಾಂಧಿ ಸ್ಪರ್ಧಿಸಿದಾಗ ಕಾರ್ಕಳದವರೂ ಅವರ ಮತದಾರರಾದರು. ಜಗತ್ತಿನ ಪತ್ರಕರ್ತರು ಕಾಫಿ ತೋಟದ ದಾರಿ ಹಿಡಿದರು. ವೀರೇಂದ್ರ ಪಾಟೀಲರ ವಿರುದ್ಧ ಇಂದಿರಾ ಸುಮಾರು 77 ಸಾವಿರ ಮತಗಳಿಂದ ಗೆದ್ದರು, ಡಿಸೆಂಬರಿನಲ್ಲೇ ಲೋಕಸಭೆ ಅವರನ್ನು ಉಚ್ಚಾಟಿಸಿತು. ವಿಧಾನಸಭೆಗೆ ಕಾರ್ಕಳ 1972ರಿಂದ ಸತತ ಆರು ಬಾರಿ ಆರಿಸಿದ್ದು ವೀರಪ್ಪ ಮೊಯಿಲಿಯವರನ್ನು. ಅವರು 1992ರಲ್ಲಿ ಮುಖ್ಯಮಂತ್ರಿಯಾದರು.

ಉಡುಪಿ 1980ರಿಂದ 1996ರವರೆಗೆ ಐದು ಸಲ ಆಸ್ಕರ್ ಫರ್ನಾಂಡಿಸರನ್ನು ಕಳಿಸಿತು. 1997ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯಾಯಿತು, 1998ರಲ್ಲಿ ಐ. ಎಂ. ಜಯರಾಮ ಶೆಟ್ಟರ ಮೂಲಕ ಬಿಜೆಪಿ ಮೊದಲ ಬಾರಿ ಇಲ್ಲಿ ಗೆದ್ದಿತು. ನಂತರ ವಿನಯ್ ಕುಮಾರ್ ಸೊರಕೆ, ಮನೋರಮಾ ಮಧ್ವರಾಜ್. ಮನೋರಮಾ ಉಡುಪಿಯ ಕೊನೆಯ ಸಂಸದೆ, ಯಾಕೆಂದರೆ 2008ರ ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಹೋಯಿತು. ಹುಟ್ಟಿದ್ದು ಉಡುಪಿ–ಚಿಕ್ಕಮಗಳೂರು: ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. ಬೈಂದೂರು ಮಾತ್ರ ಶಿವಮೊಗ್ಗಕ್ಕೆ ಹೋಯಿತು. 1920ರಲ್ಲಿ ನೀಲಗಿರಿಯನ್ನು ಕಟ್ಟಿಕೊಂಡಿದ್ದ ಕರಾವಳಿ ಈಗ ಬಾಬಾಬುಡನ್‌ಗಿರಿಯನ್ನು ಕಟ್ಟಿಕೊಂಡಿದೆ. ಮಲ್ಪೆಯ ಮೀನುಗಾರನ ಡೀಸೆಲ್ ಸಬ್ಸಿಡಿ, ಮೂಡಿಗೆರೆಯ ಆನೆ ಹಾವಳಿ, ತರೀಕೆರೆಯ ನೀರಾವರಿ, ಮೂರನ್ನೂ ಒಬ್ಬನೇ ಸಂಸದ ಹೊರಬೇಕು. 2009ರಲ್ಲಿ ಸದಾನಂದ ಗೌಡ, 2012ರ ಉಪಚುನಾವಣೆಯಲ್ಲಿ ಜಯಪ್ರಕಾಶ್ ಹೆಗ್ಡೆ, ಮುಂದೆ ಎರಡು ಸಲ ಶೋಭಾ ಕರಂದ್ಲಾಜೆ, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ ಈ ಭಾರ ಹೊತ್ತರು.

ಇದು ಯಾರ ದೋಷವೂ ಅಲ್ಲ, ಜನಸಂಖ್ಯೆಯ ಲೆಕ್ಕ. ಆದರೆ ಲೆಕ್ಕಕ್ಕೂ ಊರಿನ ಬದುಕಿಗೂ ನಡುವೆ ಘಟ್ಟವಿದೆ, ಮಳೆಗಾಲದಲ್ಲಿ ಆಗುಂಬೆಯ ರಸ್ತೆ ಕುಸಿದರೆ ಕ್ಷೇತ್ರ ಎರಡು ತುಂಡಾದಂತಾಗುತ್ತದೆ. ಸಂವಿಧಾನದ 84ನೇ ತಿದ್ದುಪಡಿ ರಾಜ್ಯಗಳ ಲೋಕಸಭಾ ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಹಾಗೆಯೇ ಇರಿಸಿದೆ. ಮರುವಿಂಗಡಣಾ ಆಯೋಗಗಳು ಕರಡು ಪ್ರಕಟಿಸಿ ಸಾರ್ವಜನಿಕ ಅಹವಾಲು ಕೇಳುವ ರೂಢಿಯಿದೆ. ಆ ದಿನ ಬಂದಾಗ ಬೈಂದೂರು ತನ್ನದೇ ಜಿಲ್ಲೆಯ ಕ್ಷೇತ್ರಕ್ಕೆ ಮರಳಬೇಕೆಂದು, ಕರಾವಳಿಯ ತಾಲೂಕುಗಳು ಒಂದಾಗಿ ನಿಲ್ಲಬೇಕೆಂದು ಬರೆದ ಅರ್ಜಿ ಹಿಡಿದು ನಮ್ಮ ಗ್ರಾಮ ಪಂಚಾಯತಿಗಳು ಮೊದಲ ಸಾಲಿನಲ್ಲೇ ಇರಬೇಕು.